ಹದಿನೆಂಟು ಚುಕ್ಕೆ ಒಂದಾದ ಬಗೆ: ವೆಬ್ ದೂರದರ್ಶಕದ ಚಿನ್ನದ ಕನ್ನಡಿ, ಒಂದು ಪ್ರಕರಣ ಅಧ್ಯಯನ

2022ರ ಫೆಬ್ರವರಿಯಲ್ಲಿ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿರುವ ಎಚ್‌ಡಿ 84406 ಎಂಬ ನಕ್ಷತ್ರವನ್ನು ನೋಡಿತು. ನೋಡಿದ್ದು ಒಂದೇ ನಕ್ಷತ್ರವನ್ನು. ಆದರೆ ಭೂಮಿಗೆ ಬಂದ ಚಿತ್ರದಲ್ಲಿ ಹದಿನೆಂಟು ಮಸುಕು ಚುಕ್ಕೆಗಳಿದ್ದವು. ಇದು ನಿರೀಕ್ಷಿಸಿದ್ದೇ. ವೆಬ್‌ನ ಮುಖ್ಯ ಕನ್ನಡಿ ಹದಿನೆಂಟು ಷಟ್ಕೋನ ತುಂಡುಗಳಿಂದ ಆದದ್ದು. ರಾಕೆಟ್ಟಿನ ತುದಿಯಲ್ಲಿ ಮಡಚಿಕೊಂಡು ಹೋಗಿ ಆಕಾಶದಲ್ಲಿ ಬಿಚ್ಚಿಕೊಂಡ ಆ ತುಂಡುಗಳು ಆಗಿನ್ನೂ ಒಂದೊಂದು ಒಂದೊಂದು ಕಡೆಗೆ ತುಸು ವಾಲಿಕೊಂಡಿದ್ದವು. ಹಾಗಾಗಿ ಒಂದೇ ನಕ್ಷತ್ರದ ಹದಿನೆಂಟು ಬಿಂಬ.

ಮುಂದಿನ ವಾರಗಳಲ್ಲಿ ತಂಡ ಪ್ರತಿ ತುಂಡನ್ನೂ ಎಷ್ಟು ಬೇಕೋ ಅಷ್ಟೇ ಓಲಿಸಿ, ಹದಿನೆಂಟು ಚುಕ್ಕೆಗಳನ್ನೂ ತಂದು ಒಂದರ ಮೇಲೊಂದು ಕೂರಿಸಿತು. ಈಗ ಚಿತ್ರದಲ್ಲಿ ಒಂದೇ ಚುಕ್ಕೆ. ಕೆಲಸ ಮುಗಿಯಿತು ಎಂದುಕೊಳ್ಳಬೇಕು, ಆದರೆ ಮುಗಿದಿರಲಿಲ್ಲ. ಆ ಚುಕ್ಕೆ ಮೊದಲಿಗಿಂತ ಹೆಚ್ಚು ಬೆಳಗುತ್ತಿತ್ತು, ಅಷ್ಟೆ. ಚೂಪಾಗಿರಲಿಲ್ಲ. 6.5 ಮೀಟರ್ ಅಗಲದ ಕನ್ನಡಿ ಕೊಡಬೇಕಾದ ಸ್ಪಷ್ಟತೆ ಅದರಲ್ಲಿರಲಿಲ್ಲ, 1.32 ಮೀಟರ್ ಅಗಲದ ಒಂದು ತುಂಡು ಕೊಡುವಷ್ಟೇ ಇತ್ತು. ಬೆಳಕೆಲ್ಲ ಒಂದೇ ಜಾಗಕ್ಕೆ ಬಂದು ಬೀಳುತ್ತಿದ್ದರೂ ದೂರದರ್ಶಕ ಇನ್ನೂ ಹದಿನೆಂಟು ಸಣ್ಣ ದೂರದರ್ಶಕಗಳಾಗಿಯೇ ಉಳಿದಿತ್ತು.

ಈ ನಡುವಿನ ಹಂತ ನನ್ನನ್ನು ಬಹಳ ದಿನ ಕಾಡಿದೆ. ಲೋಹದ ಕನ್ನಡಿ ಬೆಳಕನ್ನು ಹೇಗೆ ತಿರುಗಿಸುತ್ತದೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಹೀಗಿರುತ್ತದೆ: ಬೆಳಕಿನ ಕಣವಾದ ಫೋಟಾನ್ ಬಂದು ಒಂದು ಪರಮಾಣುವಿಗೆ ಬಡಿಯುತ್ತದೆ, ಪರಮಾಣು ಅದನ್ನು ನುಂಗುತ್ತದೆ, ಮರುಕ್ಷಣ ಹೊರಗೆ ಬಿಡುತ್ತದೆ. ಈ ಉತ್ತರ ನಿಜವಾಗಿದ್ದರೆ ಬೆಳಕೆಲ್ಲ ಒಂದೆಡೆ ಸೇರಿದ ಮೇಲೆ ಕನ್ನಡಿ ಒಡೆದಿದ್ದರೇನು, ಕೂಡಿದ್ದರೇನು? ಪರಮಾಣುಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡಿರುತ್ತವೆ. ವೆಬ್‌ನ ಅನುಭವ ಬೇರೆಯದನ್ನೇ ಹೇಳುತ್ತದೆ. ಪ್ರತಿಫಲನ ಒಂದು ಪರಮಾಣುವಿನ ಕೆಲಸವಲ್ಲ, ಗುಂಪಿನದು. ಆ ಗುಂಪು ಎಷ್ಟು ದೊಡ್ಡದು, ಅದರೊಳಗೆ ಏನು ನಡೆಯುತ್ತದೆ ಎಂಬುದನ್ನು ಈ ಒಂದೇ ಕನ್ನಡಿಯನ್ನು ಹಿಡಿದು ನೋಡೋಣ.

ಕನ್ನಡಿಯ ಮೈ

ಪ್ರತಿ ತುಂಡಿನ ಒಡಲು ಬೆರಿಲಿಯಂ ಲೋಹದ್ದು. ಹಗುರ, ಗಟ್ಟಿ, ಕಡುಚಳಿಯಲ್ಲೂ ಆಕಾರ ಕೆಡಿಸಿಕೊಳ್ಳುವುದಿಲ್ಲ. ಆದರೆ ಅದು ಒಳ್ಳೆಯ ಕನ್ನಡಿಯಲ್ಲ. ನುಣ್ಣಗೆ ಹೊಳಪು ಕೊಟ್ಟರೂ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಸುಮಾರು ಅರ್ಧದಷ್ಟನ್ನು ಮಾತ್ರ ಹಿಂದಿರುಗಿಸುತ್ತದೆ. ಆದ್ದರಿಂದ ನಿರ್ವಾತ ಕೋಣೆಯಲ್ಲಿ ಚಿನ್ನವನ್ನು ಆವಿ ಮಾಡಿ ಅದರ ಮೇಲೆ ತೆಳ್ಳಗೆ ಕೂರಿಸಿದರು. ಚಿನ್ನ ಮೆತುವಾದ್ದರಿಂದ ಗೀರು ಬೀಳದಿರಲೆಂದು ಮೇಲೊಂದು ಬಲು ತೆಳುವಾದ ಗಾಜಿನ ಪೊರೆಯೂ ಇದೆ.

ಚಿನ್ನದ ಪದರದ ದಪ್ಪ ಸುಮಾರು 100 ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು. ಕನ್ನಡಿಯ ಒಟ್ಟು ಮೈ ಸುಮಾರು 25 ಚದರ ಮೀಟರ್. ಈ ಎರಡನ್ನೂ ಗುಣಿಸಿ ಚಿನ್ನದ ಸಾಂದ್ರತೆಯಿಂದ ಲೆಕ್ಕ ಹಾಕಿದರೆ 48 ಗ್ರಾಂ ಬರುತ್ತದೆ. ಹಿಡಿಯಲ್ಲಿ ಮುಚ್ಚಿಡಬಹುದಾದಷ್ಟು ಚಿನ್ನ ಒಂದು ಕೋಣೆಯ ನೆಲದಗಲ ಹರಡಿದೆ. ಪರಮಾಣುಗಳ ಲೆಕ್ಕದಲ್ಲಿ ಹೇಳುವುದಾದರೆ ಒಂದರ ಮೇಲೊಂದು ನಾನೂರು ಚಿಲ್ಲರೆ ಪದರ. ಇಡೀ ನಾಟಕ ನಡೆಯುವುದು ಆ ನಾನೂರು ಪದರಗಳೊಳಗೇ.

ಒಳಗೆ ನಡೆಯುವುದೇನು

ಚಿನ್ನದ ಒಂದು ಪರಮಾಣುವಿನಲ್ಲಿ 79 ಎಲೆಕ್ಟ್ರಾನ್‌ಗಳಿವೆ. ಪರಮಾಣುಗಳು ಒತ್ತೊತ್ತಾಗಿ ಕೂತು ಲೋಹವಾದಾಗ ಪ್ರತಿ ಪರಮಾಣುವಿನ ಅತಿ ಹೊರಗಿನ ಒಂದು ಎಲೆಕ್ಟ್ರಾನ್ ತನ್ನ ಮನೆಯ ಹಂಗು ಬಿಡುತ್ತದೆ. ಅದು ಯಾವ ಒಂದು ಪರಮಾಣುವಿಗೂ ಸೇರಿದ್ದಲ್ಲ, ಇಡೀ ಲೋಹಕ್ಕೆ ಸೇರಿದ್ದು. ಒಂದು ಘನ ಸೆಂಟಿಮೀಟರ್ ಚಿನ್ನದಲ್ಲಿ ಇಂಥ ಬಿಡಿ ಎಲೆಕ್ಟ್ರಾನ್‌ಗಳ ಸಂಖ್ಯೆ 59ರ ಮುಂದೆ 21 ಸೊನ್ನೆ ಇಟ್ಟಷ್ಟು. ಲೋಹದಲ್ಲಿ ವಿದ್ಯುತ್ ಹರಿಯುವುದು ಇವುಗಳಿಂದ. ಲೋಹ ಹೊಳೆಯುವುದೂ ಇವುಗಳಿಂದಲೇ. ಒಳ್ಳೆಯ ವಿದ್ಯುದ್ವಾಹಕಗಳಾದ ಬೆಳ್ಳಿ, ತಾಮ್ರ, ಚಿನ್ನ, ಅಲ್ಯೂಮಿನಿಯಂಗಳು ಕೆಂಪಿಗಿಂತ ಉದ್ದದ ಅಲೆಯ, ಕಣ್ಣಿಗೆ ಕಾಣದ ಅವಕೆಂಪು ಬೆಳಕಿಗೆ ಒಳ್ಳೆಯ ಕನ್ನಡಿಗಳೂ ಆಗಿರುವುದು ಆಕಸ್ಮಿಕವಲ್ಲ.

ಈಗ ಬೆಳಕು ಬರುತ್ತದೆ. ಬೆಳಕೆಂದರೆ ಜೊತೆಜೊತೆಯಾಗಿ ಕಂಪಿಸುತ್ತ ಸಾಗುವ ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರ. 2 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ತರಂಗಾಂತರದ ಅವಕೆಂಪು ಬೆಳಕಾದರೆ ಆ ವಿದ್ಯುತ್ ಕ್ಷೇತ್ರ ಸೆಕೆಂಡಿಗೆ 150 ಲಕ್ಷ ಕೋಟಿ ಸಲ ಅತ್ತಿಂದಿತ್ತ ಹೊಯ್ದಾಡುತ್ತದೆ. ಬಿಡಿ ಎಲೆಕ್ಟ್ರಾನ್‌ಗಳನ್ನು ಅದು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಳ್ಳುತ್ತದೆ. ಅವು ಅಷ್ಟೇ ವೇಗದಲ್ಲಿ ತೂಗಾಡುತ್ತವೆ, ಆದರೆ ತಳ್ಳಿದ ದಿಕ್ಕಿಗೆ ಹೊಂದಿಕೊಂಡಲ್ಲ. ಒಂದು ದಾರಕ್ಕೆ ಸಣ್ಣ ಭಾರ ಕಟ್ಟಿ ಕೈಯಲ್ಲಿ ಹಿಡಿದು ನೋಡಿ. ಕೈಯನ್ನು ನಿಧಾನಕ್ಕೆ ಆಡಿಸಿದರೆ ಭಾರ ಕೈಯ ಹಿಂದೆಯೇ ಬರುತ್ತದೆ. ಸರಸರನೆ ಆಡಿಸಿದರೆ ಕೈ ಎಡಕ್ಕೆ ಹೋದಾಗ ಭಾರ ಬಲಕ್ಕಿರುತ್ತದೆ. ಯಾವ ಪರಮಾಣುವೂ ಹಿಡಿದಿಡದ ಎಲೆಕ್ಟ್ರಾನ್ ಇಷ್ಟು ವೇಗದ ಹೊಯ್ದಾಟಕ್ಕೆ ಸಿಕ್ಕಾಗ ಆಗುವುದೂ ಹೀಗೆಯೇ. ಅದು ಸದಾ ತನ್ನನ್ನು ತಳ್ಳುವ ಬಲದ ಎದುರು ದಿಕ್ಕಿಗೇ ವಾಲಿರುತ್ತದೆ.

ತೂಗಾಡುವ ವಿದ್ಯುದಂಶ ಸುಮ್ಮನಿರುವುದಿಲ್ಲ. ಅದೂ ತರಂಗ ಹೊರಡಿಸುತ್ತದೆ, ಬಂದ ಬೆಳಕಿನ ಬಡಿತದಲ್ಲಿಯೇ. ಪದರಪದರವಾಗಿ ಕೂತ ಎಲೆಕ್ಟ್ರಾನ್‌ಗಳೆಲ್ಲ ಸೇರಿ ಎರಡು ದಿಕ್ಕಿಗೆ ತರಂಗ ಕಳಿಸುತ್ತವೆ, ಲೋಹದ ಒಳಕ್ಕೆ ಒಂದು, ಹೊರಕ್ಕೆ ಒಂದು. ಒಳಕ್ಕೆ ಹೋಗುವ ತರಂಗ, ಅದೇ ದಿಕ್ಕಿನಲ್ಲಿ ಸಾಗುತ್ತಿರುವ ಮೂಲ ಬೆಳಕಿಗೆ ತದ್ವಿರುದ್ಧವಾಗಿ ಏರಿಳಿಯುತ್ತದೆ. ಎರಡೂ ಸೇರಿದಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ, ಲೋಹದ ಆಳ ಕತ್ತಲಾಗುತ್ತದೆ. ಹೊರಕ್ಕೆ ಹೊರಟ ತರಂಗವನ್ನು ಅಳಿಸಲು ಆ ದಿಕ್ಕಿನಲ್ಲಿ ಸಾಗುವ ಬೇರೆ ಬೆಳಕು ಇಲ್ಲ. ಅದು ಉಳಿದುಕೊಳ್ಳುತ್ತದೆ. ನಾವು ಪ್ರತಿಬಿಂಬ ಎಂದು ಕರೆಯುವುದು ಅದನ್ನೇ.

ಇದನ್ನು ಮೊದಲ ಸಲ ಅರ್ಥಮಾಡಿಕೊಂಡಾಗ ಕನ್ನಡಿಯನ್ನು ನಾನು ನೋಡುವ ರೀತಿಯೇ ಬದಲಾಯಿತು. ಬೆಳಕು ಚೆಂಡಿನ ಹಾಗೆ ಗೋಡೆಗೆ ತಾಗಿ ಪುಟಿಯುತ್ತದೆ ಎಂಬ ಚಿತ್ರ ಅಳಿಸಿಹೋಯಿತು. ಲೋಹದೊಳಗಿನ ಕತ್ತಲು ಮತ್ತು ಲೋಹದೆದುರಿನ ಬಿಂಬ ಎರಡನ್ನೂ ಹುಟ್ಟಿಸುವುದು ಒಂದೇ ತೂಗಾಟ.

ಆ ತೂಗಾಟ ಎಷ್ಟು ಸಣ್ಣದು ಗೊತ್ತೇ? ನೆತ್ತಿಯ ಮೇಲಿನ ಬಿಸಿಲಿನಲ್ಲಿ ಮೀಟರಿಗೆ ಹತ್ತಿರಹತ್ತಿರ 1,000 ವೋಲ್ಟ್ ವಿದ್ಯುತ್ ಕ್ಷೇತ್ರವಿರುತ್ತದೆ. ಅಷ್ಟು ಬಲದ ಬೆಳಕೆಲ್ಲ 2 ಮೈಕ್ರಾನ್ ತರಂಗಾಂತರದ್ದೇ ಎಂದಿಟ್ಟುಕೊಂಡು ನ್ಯೂಟನ್ನನ ನಿಯಮದಿಂದ ಲೆಕ್ಕ ಹಾಕಿದರೆ, ಒಂದು ಎಲೆಕ್ಟ್ರಾನ್ ಸರಿಯುವ ದೂರ ಪ್ರೋಟಾನಿನ ತ್ರಿಜ್ಯದ ಕಾಲು ಭಾಗದಷ್ಟು ಬರುತ್ತದೆ. ಪರಮಾಣುವಿನ ಗಾತ್ರದ ಮುಂದೆ ಇದು ಏನೂ ಅಲ್ಲ. ನಕ್ಷತ್ರದ ಬೆಳಕಿನಲ್ಲಿ ಇದಕ್ಕಿಂತ ಎಷ್ಟೋ ಕಡಿಮೆ. ಒಂದೊಂದು ಎಲೆಕ್ಟ್ರಾನಿನ ಪಾಲು ಇಷ್ಟು ಅಲ್ಪವಾಗಿದ್ದೂ ಬಂದ ಬೆಳಕನ್ನು ಅಳಿಸಲು ಸಾಧ್ಯವಾಗುವುದು ಅವುಗಳ ಸಂಖ್ಯೆಯಿಂದ, ಎಲ್ಲವೂ ಒಂದೇ ತಾಳದಲ್ಲಿ ತೂಗುವುದರಿಂದ.

ನೂರು ನ್ಯಾನೊಮೀಟರ್ ಏಕೆ ಸಾಕು

ಮೇಲಿನ ಒಂದು ಪದರದ ಎಲೆಕ್ಟ್ರಾನ್‌ಗಳಿಂದ ಈ ಕೆಲಸ ಆಗದು. ಒಂದೊಂದು ಪದರವೂ ಬೆಳಕಿನ ಕ್ಷೇತ್ರವನ್ನು ಕೊಂಚಕೊಂಚವೇ ಅಳಿಸುತ್ತ ಹೋಗುತ್ತದೆ. ಚಿನ್ನದೊಳಗೆ ಸುಮಾರು 22ರಿಂದ 24 ನ್ಯಾನೊಮೀಟರ್ ಇಳಿಯುವಷ್ಟರಲ್ಲಿ ಕ್ಷೇತ್ರದಲ್ಲಿ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಮಾತ್ರ ಉಳಿದಿರುತ್ತದೆ. ಹತ್ತಿರಹತ್ತಿರ ನೂರು ಪರಮಾಣು ಪದರಗಳ ಆಳ ಅದು. ಅವಕೆಂಪು ಬೆಳಕಿನ ದೊಡ್ಡ ವ್ಯಾಪ್ತಿಯಲ್ಲಿ ಈ ಆಳ ಹೆಚ್ಚುಕಡಿಮೆ ಬದಲಾಗದೆ ಉಳಿಯುತ್ತದೆ, ಏಕೆಂದರೆ ಅದನ್ನು ನಿರ್ಧರಿಸುವುದು ಮುಖ್ಯವಾಗಿ ಬಿಡಿ ಎಲೆಕ್ಟ್ರಾನ್‌ಗಳ ಸಾಂದ್ರತೆ.

100 ನ್ಯಾನೊಮೀಟರ್ ಎಂದರೆ ಇಂಥ ನಾಲ್ಕು ಆಳ. ಒಳಹೊಕ್ಕ ಕ್ಷೇತ್ರ ತಳ ಮುಟ್ಟುವ ಹೊತ್ತಿಗೆ ನೂರರಲ್ಲಿ ಎರಡು ಪಾಲು ಉಳಿದಿರುತ್ತದೆ. ಶಕ್ತಿ ಕ್ಷೇತ್ರದ ವರ್ಗಕ್ಕೆ ಅನುಗುಣವಾದ್ದರಿಂದ ಅದು ಮೂರು ಸಾವಿರದಲ್ಲಿ ಒಂದು ಪಾಲು ಮಾತ್ರ. ಇನ್ನೂ ದಪ್ಪ ಚಿನ್ನ ಹಾಕಿದರೆ ಬೆಳಕಿಗೆ ಅದು ಗೊತ್ತೂ ಆಗುವುದಿಲ್ಲ. 30 ನ್ಯಾನೊಮೀಟರಿಗೆ ಇಳಿಸಿದ್ದರೆ ಕೆಳಗಿನ ಬೆರಿಲಿಯಂ ಇಣುಕುತ್ತಿತ್ತು. 48 ಗ್ರಾಂ ಎಂಬ ಆ ಸಣ್ಣ ಅಂಕಿಯ ಹಿಂದೆ ಎಲೆಕ್ಟ್ರಾನ್‌ಗಳ ಈ ಲೆಕ್ಕವಿದೆ.

ಬೆಳಕು ಒಂದೇ ಕೋನದಲ್ಲಿ ಏಕೆ ತಿರುಗುತ್ತದೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಚಿನ್ನದಲ್ಲಿ ಅಕ್ಕಪಕ್ಕದ ಪರಮಾಣುಗಳ ನಡುವೆ 0.29 ನ್ಯಾನೊಮೀಟರ್ ಅಂತರ. 2 ಮೈಕ್ರಾನ್ ಬೆಳಕಿನ ಒಂದು ಅಲೆಯ ಉದ್ದಕ್ಕೆ ಸುಮಾರು 7,000 ಪರಮಾಣುಗಳು ಸಾಲಾಗಿ ಕೂರುತ್ತವೆ. ಒಂದು ಅಲೆಯ ಉದ್ದಗಲದ ಚೌಕದಲ್ಲಿ, ಬರೀ ಮೇಲಿನ ಪದರದಲ್ಲೇ, ಐದೂವರೆ ಕೋಟಿ ಪರಮಾಣು. ಇವೆಲ್ಲ ಹೊರಡಿಸುವ ಕಿರುತರಂಗಗಳು ಬೇರೆಬೇರೆ ದಿಕ್ಕುಗಳಲ್ಲಿ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಎಲ್ಲವೂ ಕೂಡಿ ಬಲಗೊಳ್ಳುವ ದಿಕ್ಕು ಒಂದೇ, ಬಂದ ಕೋನಕ್ಕೆ ಸಮನಾದ ಕೋನದ್ದು. ಶಾಲೆಯಲ್ಲಿ ಒಂದು ಸಾಲಿನ ನಿಯಮವಾಗಿ ಕಲಿತದ್ದರ ಹಿಂದೆ ಕೋಟಿಗಟ್ಟಲೆ ಕಿರುತರಂಗಗಳ ಕೂಡಿಕೆ ಕಳೆಯುವಿಕೆ ನಡೆದಿರುತ್ತದೆ. ಅಲ್ಲೊಂದು ಪರಮಾಣು ಎದ್ದಿದ್ದರೆ, ಇಲ್ಲೊಂದು ಕಾಣೆಯಾಗಿದ್ದರೆ ಇಷ್ಟುದ್ದದ ಅಲೆಗೆ ಅದು ತಟ್ಟುವುದೇ ಇಲ್ಲ. ತಟ್ಟುವುದು ನೂರಾರು ಪರಮಾಣುಗಳಷ್ಟು ಎತ್ತರದ ಏರುತಗ್ಗು. ಅದಕ್ಕೇ ಬೆರಿಲಿಯಂ ಮೈಯನ್ನು ಸುಮಾರು 20 ನ್ಯಾನೊಮೀಟರ್ ನಿಖರತೆಗೆ ಉಜ್ಜಿ ತಂದದ್ದು.

ಚಿನ್ನವೇ ಏಕೆ

1990ರಲ್ಲಿ ಹಾರಿದ ಹಬಲ್ ದೂರದರ್ಶಕದ ಕನ್ನಡಿಗೆ ಅಲ್ಯೂಮಿನಿಯಂ ಲೇಪವಿದೆ. ನೇರಳಾತೀತ ಬೆಳಕನ್ನೂ ನೋಡಬೇಕಿದ್ದ ಹಬಲ್‌ಗೆ ಅದೇ ಸರಿ. ವೆಬ್ ನೋಡುವುದು 0.6 ಮೈಕ್ರಾನ್‌ನಿಂದ ಸುಮಾರು 28 ಮೈಕ್ರಾನ್‌ವರೆಗಿನ ಬೆಳಕನ್ನು. ಅಲ್ಯೂಮಿನಿಯಂನಲ್ಲಿ 0.8 ಮೈಕ್ರಾನ್ ಸುತ್ತಮುತ್ತ ಒಂದು ತಗ್ಗಿದೆ. ಅಲ್ಲಿ ಬೆಳಕಿನ ಶಕ್ತಿ ಎಲೆಕ್ಟ್ರಾನನ್ನು ಒಂದು ಶಕ್ತಿಪಟ್ಟಿಯಿಂದ ಇನ್ನೊಂದಕ್ಕೆ ಎತ್ತಲು ಸರಿಯಾಗಿ ಹೊಂದುವುದರಿಂದ ಲೋಹ ಬೆಳಕನ್ನು ನುಂಗುತ್ತದೆ, ಪ್ರತಿಫಲನ 87 ಶೇಕಡಕ್ಕೆ ಇಳಿಯುತ್ತದೆ. ಒಂದು ಸಲಕ್ಕೆ ಇದು ದೊಡ್ಡ ನಷ್ಟವಲ್ಲ ಅನ್ನಿಸಬಹುದು. ಆದರೆ ವೆಬ್‌ನಲ್ಲಿ ಬೆಳಕು ಉಪಕರಣಗಳ ಬಾಗಿಲಿಗೆ ಬರುವ ಮೊದಲೇ ನಾಲ್ಕು ಕನ್ನಡಿಗಳಲ್ಲಿ ತಿರುಗಬೇಕು. 87 ಶೇಕಡದಂತೆ ನಾಲ್ಕು ಸಲ ಎಂದರೆ ಕೊನೆಗೆ ಉಳಿಯುವುದು 57. ಚಿನ್ನದಲ್ಲಿ 98ರಂತೆ ಹಿಡಿದರೂ 92 ಉಳಿಯುತ್ತದೆ. ಸಾವಿರ ಕೋಟಿ ವರ್ಷಕ್ಕೂ ಹೆಚ್ಚು ಕಾಲ ಪಯಣಿಸಿ ಬಂದ ಬೆಳಕಿನಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಪಾಲನ್ನು ಕೊನೆಯ ಕೆಲವು ಮೀಟರುಗಳಲ್ಲಿ ಚೆಲ್ಲುವುದು ಸಲ್ಲದು.

ಬೆಳ್ಳಿ ಇನ್ನೂ ಚೆನ್ನಾಗಿ ಪ್ರತಿಫಲಿಸುತ್ತದೆ, ನಿಜ. ಆದರೆ ಗಾಳಿಯಲ್ಲಿರುವ ಗಂಧಕದ ಸಂಯುಕ್ತಗಳಿಗೆ ಸಿಕ್ಕಿ ಕಪ್ಪಾಗುತ್ತದೆ. ಹಾರುವ ಮೊದಲು ವರ್ಷಗಟ್ಟಲೆ ಜೋಡಣೆ, ಪರೀಕ್ಷೆ ಎಂದು ನೆಲದಲ್ಲೇ ಇರಬೇಕಿದ್ದ ಕನ್ನಡಿಗೆ ಆ ಅಪಾಯ ಬೇಡವಾಗಿತ್ತು. ಚಿನ್ನ ಯಾರ ಗೊಡವೆಗೂ ಹೋಗದ ಲೋಹ.

ಚಿನ್ನ ಹಳದಿಯಾಗಿರುವ ಕಾರಣ ಇನ್ನೂ ಆಳದ್ದು. ಬಿಡಿ ಎಲೆಕ್ಟ್ರಾನ್‌ಗಳ ಕೆಳಗೆ ಪರಮಾಣುವಿಗೇ ಅಂಟಿಕೊಂಡ ಹತ್ತು ಎಲೆಕ್ಟ್ರಾನ್‌ಗಳ ಒಂದು ಗುಂಪಿದೆ. ಅವನ್ನು ಮೇಲಿನ ಖಾಲಿ ಮಟ್ಟಕ್ಕೆ ಎತ್ತಲು ಬೆಳ್ಳಿಯಲ್ಲಿ ಸುಮಾರು 4 ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದ ಶಕ್ತಿಯ ಅಳತೆ) ಬೇಕು, ಅದು ಕಣ್ಣಿಗೆ ಕಾಣದ ನೇರಳಾತೀತ. ಚಿನ್ನದಲ್ಲಿ ಸುಮಾರು 2.4 ಸಾಕು, ಹಸಿರು ಬೆಳಕಿನಲ್ಲೇ ಅಷ್ಟು ಶಕ್ತಿಯಿದೆ. ಹಾಗಾಗಿ ನೀಲಿ, ನೇರಳೆ ಬೆಳಕು ಚಿನ್ನಕ್ಕೆ ಬಿದ್ದರೆ ನೂರರಲ್ಲಿ ಸುಮಾರು ನಲವತ್ತು ಪಾಲು ಮಾತ್ರ ಮರಳುತ್ತದೆ, ಉಳಿದದ್ದನ್ನು ಆ ಗುಂಪು ನುಂಗುತ್ತದೆ. ಈ ವ್ಯತ್ಯಾಸ ಏಕೆ? ಚಿನ್ನದ ನಡುವಿನ 79 ಪ್ರೋಟಾನ್‌ಗಳು ಅತಿ ಒಳಗಿನ ಎಲೆಕ್ಟ್ರಾನ್‌ಗಳನ್ನು ಬೆಳಕಿನ ವೇಗದ 58 ಶೇಕಡದಷ್ಟು ವೇಗಕ್ಕೆ ಏರಿಸುತ್ತವೆ. ಆ ವೇಗದಲ್ಲಿ ಐನ್‌ಸ್ಟೈನರ ಸಾಪೇಕ್ಷತೆಯನ್ನು ಬಿಟ್ಟು ಲೆಕ್ಕ ಹಾಕಲಾಗದು. ಎಲೆಕ್ಟ್ರಾನ್ ಇರುವ ಗೋಳಾಕಾರದ ವಲಯಗಳು, ಅಂದರೆ ಕಕ್ಷಕಗಳು, ಕುಗ್ಗುತ್ತವೆ, ಬಿಡಿ ಎಲೆಕ್ಟ್ರಾನಿನ ಮಟ್ಟ ಕೆಳಗಿಳಿಯುತ್ತದೆ, ಆ ಹತ್ತರ ಗುಂಪು ಮೇಲೇರುತ್ತದೆ, ನಡುವಿನ ಅಂತರ ಕಿರಿದಾಗುತ್ತದೆ. ಸಾಪೇಕ್ಷತೆಯ ಈ ಪರಿಣಾಮ ಇರದಿದ್ದರೆ ಚಿನ್ನ ಬೆಳ್ಳಿಯ ಬಣ್ಣದಲ್ಲೇ ಇರುತ್ತಿತ್ತು. ವೆಬ್‌ನ ನೋಟ 0.6 ಮೈಕ್ರಾನಿನ ಕಿತ್ತಳೆ ಬೆಳಕಿನ ಆಚೆಗೆ, ನೀಲಿಯ ಕಡೆಗೆ ಚಾಚದಿರುವುದಕ್ಕೆ ಚಿನ್ನದ ಈ ಗುಣವೇ ಕಾರಣ.

ಮರಳದೆ ಹೋಗುವ ಪಾಲು

ಅವಕೆಂಪಿನಲ್ಲಿ ಚಿನ್ನ ಬೆಳಕನ್ನು ಪೂರ್ತಿ ಹಿಂದಿರುಗಿಸುವುದಿಲ್ಲ, ಶೇಕಡ ಒಂದರ ಆಸುಪಾಸು ಕಳೆದುಹೋಗುತ್ತದೆ. ತೂಗಾಡುವ ಎಲೆಕ್ಟ್ರಾನ್ ಎಂದಾದರೊಮ್ಮೆ ಪರಮಾಣುಗಳ ಕಂಪನಕ್ಕೋ, ಪರಮಾಣುಗಳ ಸಾಲುಜೋಡಣೆಯ ಲೋಪಕ್ಕೋ ಡಿಕ್ಕಿ ಹೊಡೆಯುತ್ತದೆ. ಮಾಮೂಲಿ ಉಷ್ಣತೆಯಲ್ಲಿ ಒಂದು ಡಿಕ್ಕಿಗೂ ಮುಂದಿನದಕ್ಕೂ ನಡುವೆ ಸರಾಸರಿ ಸುಮಾರು 30 ಫೆಮ್ಟೊಸೆಕೆಂಡ್ ಅಂತರ (ಒಂದು ಫೆಮ್ಟೊಸೆಕೆಂಡ್ ಎಂದರೆ ಸೆಕೆಂಡಿನ ಸಾವಿರ ಲಕ್ಷ ಕೋಟಿಯಲ್ಲೊಂದು ಪಾಲು). 2 ಮೈಕ್ರಾನ್ ಬೆಳಕಿನ ಒಂದು ಕಂಪನಕ್ಕೆ ಹಿಡಿಯುವುದು 7ಕ್ಕಿಂತ ಕಡಿಮೆ ಫೆಮ್ಟೊಸೆಕೆಂಡ್. ಡಿಕ್ಕಿಯಾಗುವಷ್ಟರಲ್ಲಿ ಎಲೆಕ್ಟ್ರಾನ್ ನಾಲ್ಕಾರು ಸಲ ತೂಗಿ, ಪಡೆದ ಶಕ್ತಿಯನ್ನು ಬಹುಪಾಲು ಬೆಳಕಾಗಿಯೇ ಮರಳಿಸಿರುತ್ತದೆ. ಡಿಕ್ಕಿಯಲ್ಲಿ ತಾಳ ತಪ್ಪಿದ ಪಾಲು ಶಾಖವಾಗುತ್ತದೆ. 1900ರಲ್ಲಿ ಜರ್ಮನ್ ಭೌತವಿಜ್ಞಾನಿ ಪಾಲ್ ಡ್ರೂಡ್ ಕಟ್ಟಿಕೊಟ್ಟ ಸರಳ ಮಾದರಿಯಿಂದ ಲೆಕ್ಕ ಹಾಕಿದರೆ ಈ ನಷ್ಟ ಶೇಕಡ ಅರ್ಧದಷ್ಟು ಬರುತ್ತದೆ. ಎಲೆಕ್ಟ್ರಾನ್ ಪತ್ತೆಯಾಗಿ ಆಗ ಮೂರೇ ವರ್ಷ ಕಳೆದಿತ್ತು. ಅಂಥ ಹೊತ್ತಿನ ಮಾದರಿ ಇಷ್ಟು ಹತ್ತಿರ ಬರುವುದು ನನಗೆ ಇವತ್ತಿಗೂ ಬೆರಗು.

ಹೀರಿಕೊಳ್ಳುವ ಮೈ ಅಷ್ಟೇ ಪ್ರಮಾಣದಲ್ಲಿ ತನ್ನ ಶಾಖವನ್ನು ಬೆಳಕಾಗಿ ಸೂಸುತ್ತದೆ. ನಮ್ಮ ಕೋಣೆಯ ಉಷ್ಣತೆಯಲ್ಲಿರುವ ವಸ್ತು ಹೆಚ್ಚಾಗಿ ಸೂಸುವುದು 10 ಮೈಕ್ರಾನ್ ಸುತ್ತಮುತ್ತ, ವೆಬ್ ನೋಡಬೇಕಾದ ಜಾಗದಲ್ಲೇ. ಶೇಕಡ ಒಂದರಷ್ಟು ಸೂಸಿದರೂ ದೂರದ ಗೆಲಾಕ್ಸಿ ಅದರಲ್ಲಿ ಮುಳುಗಿಹೋಗುತ್ತದೆ. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ, ಐದು ಪದರದ ಕೊಡೆಯ ನೆರಳಿನಲ್ಲಿ, ಮೈನಸ್ 220 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಚಳಿಯಲ್ಲಿ ಆ ಕನ್ನಡಿಯನ್ನು ಇಟ್ಟಿರುವುದಕ್ಕೆ ಇದು ದೊಡ್ಡ ಕಾರಣ.

ಮತ್ತೆ ಆ ನಡುವಿನ ಹಂತಕ್ಕೆ

ಹದಿನೆಂಟು ಚುಕ್ಕೆ ಒಂದರ ಮೇಲೊಂದು ಕೂತರೂ ಚಿತ್ರ ಏಕೆ ಚೂಪಾಗಲಿಲ್ಲ ಎಂಬುದನ್ನು ಈಗ ಹೇಳಬಹುದು. ಪ್ರತಿ ತುಂಡಿನೊಳಗೆ ಎಲೆಕ್ಟ್ರಾನ್‌ಗಳು ಒಂದೇ ತಾಳದಲ್ಲಿ ಕೆಲಸ ಮಾಡುತ್ತಿದ್ದವು. ತುಂಡು ತುಂಡಿನ ನಡುವೆ ತಾಳ ಕೂಡಿರಲಿಲ್ಲ. ಒಂದು ತುಂಡು ಪಕ್ಕದ್ದಕ್ಕಿಂತ ಅರ್ಧ ಮೈಕ್ರಾನ್ ಹಿಂದಿದ್ದರೆ ಅದರ ಬೆಳಕು ಹೋಗುತ್ತ ಬರುತ್ತ ಒಂದು ಮೈಕ್ರಾನ್ ಹೆಚ್ಚು ದೂರ ಸಾಗಬೇಕು. 2 ಮೈಕ್ರಾನ್ ಬೆಳಕಿಗೆ ಅದು ಸರಿಯಾಗಿ ಅರ್ಧ ಅಲೆ. ಪಕ್ಕದ ತುಂಡಿನ ಏರು ಇದರ ಇಳಿತಕ್ಕೆ ಸಿಕ್ಕುತ್ತದೆ. ಪ್ರತಿ ತುಂಡಿನ ಹಿಂದಿರುವ ಪುಟ್ಟ ಮೋಟಾರುಗಳು ಸುಮಾರು 10 ನ್ಯಾನೊಮೀಟರ್‌ನಷ್ಟು ಸಣ್ಣ ಹೆಜ್ಜೆಗಳಲ್ಲಿ ತುಂಡನ್ನು ಹಿಂದೆಮುಂದೆ ಸರಿಸಬಲ್ಲವು. ಮಾರ್ಚ್ ಮಧ್ಯದ ಹೊತ್ತಿಗೆ ಹದಿನೆಂಟೂ ತುಂಡುಗಳು ಅಲೆಯ ಸಣ್ಣ ಭಾಗದಷ್ಟೂ ವ್ಯತ್ಯಾಸವಿಲ್ಲದಂತೆ ಕೂಡಿಕೊಂಡವು. ಚುಕ್ಕೆಯ ಅಗಲ ಐದನೇ ಒಂದು ಪಾಲಿಗೆ ಇಳಿಯಿತು. 6.5 ಮೀಟರನ್ನು 1.32ರಿಂದ ಭಾಗಿಸಿದರೆ ಬರುವುದೂ ಸುಮಾರು ಐದೇ.

ಫೋಟಾನ್ ಯಾವ ಪರಮಾಣುವಿಗೆ ಬಡಿಯಿತು ಎಂಬ ಪ್ರಶ್ನೆ ಇಲ್ಲಿ ಅರ್ಥ ಕಳೆದುಕೊಳ್ಳುತ್ತದೆ. ಅತಿ ದೂರದ ಗೆಲಾಕ್ಸಿಯಿಂದ ಫೋಟಾನ್‌ಗಳು ಗುಂಪಾಗಿ ಬರುವುದಿಲ್ಲ, ಬಿಡುವು ಕೊಟ್ಟು ಒಂದೊಂದಾಗಿ ಬರುತ್ತವೆ. ಹಾಗೆ ಒಂಟಿಯಾಗಿ ಬಂದ ಫೋಟಾನ್ ಕೂಡ 6.5 ಮೀಟರ್ ಕನ್ನಡಿಯ ಸ್ಪಷ್ಟತೆಯಲ್ಲೇ ಚಿತ್ರಕ್ಕೆ ಇಳಿಯುತ್ತದೆ. ಒಂದು ಪರಮಾಣು ಮಾತ್ರ ಅದನ್ನು ತಿರುಗಿಸಿದ್ದರೆ ಅದು ಯಾವ ದಿಕ್ಕಿಗೆ ಬೇಕಾದರೂ ಹೋಗಬಹುದಿತ್ತು, ಬಿಂಬವೆಂಬುದೇ ಇರುತ್ತಿರಲಿಲ್ಲ. ಅದು ಎಲ್ಲಿ ಇಳಿಯಬಹುದು ಎಂಬುದನ್ನು ನಿರ್ಧರಿಸಿದ್ದು ಹದಿನೆಂಟು ತುಂಡುಗಳ ಬಿಡಿ ಎಲೆಕ್ಟ್ರಾನ್‌ಗಳೆಲ್ಲವೂ ಸೇರಿ. ಇದಕ್ಕೆ ಸಾಕ್ಷಿ ವೆಬ್‌ನ ಚಿತ್ರಗಳಲ್ಲೇ ಇದೆ. ಅಲ್ಲಿನ ಪ್ರಕಾಶಮಾನ ನಕ್ಷತ್ರಗಳಿಗೆಲ್ಲ ಆರು ಉದ್ದನೆಯ ಮುಳ್ಳುಗಳಿರುತ್ತವೆ, ಜೊತೆಗೆ ಎರಡು ಗಿಡ್ಡ ಮುಳ್ಳು. ಉದ್ದನೆಯ ಆರು ಕನ್ನಡಿಯ ಷಟ್ಕೋನ ಅಂಚಿನ ಗುರುತು. ಗಿಡ್ಡ ಎರಡು, ಎದುರಿನ ಚಿಕ್ಕ ಕನ್ನಡಿಯನ್ನು ಹಿಡಿದಿರುವ ಕಂಬಗಳದ್ದು.

2022ರ ಮೇ ತಿಂಗಳ ಕೊನೆಯ ಭಾಗದಲ್ಲಿ ಸಿ3 ಎಂದು ಕರೆಯುವ ತುಂಡಿಗೆ ಒಂದು ಸೂಕ್ಷ್ಮ ಉಲ್ಕೆ ಬಡಿಯಿತು. ನಿರೀಕ್ಷೆಗಿಂತ ದೊಡ್ಡ ಪೆಟ್ಟು ಅದು. ಸಿ3ರ ಆಕಾರ ಸ್ವಲ್ಪ ಕೆಟ್ಟಿತು, ಅಲ್ಲಿನ ಎಲೆಕ್ಟ್ರಾನ್‌ಗಳು ಮರಳಿಸುವ ಬೆಳಕು ಉಳಿದ ಹದಿನೇಳು ತುಂಡುಗಳ ತಾಳದಿಂದ ತುಸು ಜಾರಿತು. ತಂಡ ಆ ತುಂಡನ್ನು ಮತ್ತೆ ಸರಿಸಿ ತಪ್ಪನ್ನು ಒಂದಿಷ್ಟು ಸರಿಪಡಿಸಿತು. ಪೂರ್ತಿ ಸರಿಹೋಗಲಿಲ್ಲ. ಜುಲೈ 12ರಂದು ಜಗತ್ತಿನ ಮುಂದೆ ಬಂದ ಮೊದಲ ಬಣ್ಣದ ಚಿತ್ರಗಳನ್ನು ತೆಗೆದ ಕನ್ನಡಿಯಲ್ಲಿ ಆ ಗಾಯವೂ ಇತ್ತು.